ನೀರಿಗೆ ಉಪ್ಪು ಯಾಕೆ ಹಾಕಿದ್ದು

೧೧ ಡಿಸೆಂಬರ್ ೧೯೮೬, ಗುರುವಾರ

ಇಂದು ಬೆಳಿಗ್ಗೆ ಹಾಸ್ಟೆಲಿನಲ್ಲಿ ಒಂದು ಅಪಘಾತವಾಯಿತು. ಹತ್ತನೆಯ ತರಗತಿಯ ಗುರಮ್ಮನಿಗೆ ಕರೆಂಟು ಹೊಡೆಯಿತು. ಹಿರೋಳ್ಳಿಯ ಹುಡುಗಿ. ಬಚ್ಚಲಿನ ಮುಂದೆ ತಗಡಿನ ಬಕೆಟ್ಟನ್ನು ಹಿಡಿದು ನಡುಗುತ್ತಿದ್ದಳು, ಬಿಡಲು ಆಗುತ್ತಿರಲಿಲ್ಲ. ಓಡಿ ಹೋಗಿ ಪ್ಲಗ್ಗು ಕಿತ್ತೆ. ಆಮೇಲೆ ಬಿದ್ದಳು. ಬಲಗೈ ಅಂಗೈ ಸುಟ್ಟಿದೆ. ಮೊದಲು ಆಳಂದದ ದವಾಖಾನೆ, ಅಲ್ಲಿಂದ ಜೀಪಿನಲ್ಲಿ ಗುಲ್ಬರ್ಗ. ಜೀವಕ್ಕೆ ಅಪಾಯವಿಲ್ಲ ಎಂದರು.

ಬಕೆಟ್ಟಿನಲ್ಲಿ ಬ್ಲೇಡಿನ ಹೀಟರು ಇತ್ತು. ಎರಡು ಬ್ಲೇಡು, ನಡುವೆ ಮರದ ಚೂರು, ಒಂದೊಂದು ಬ್ಲೇಡಿಗೂ ಒಂದೊಂದು ವೈರು. ನೀರಿನಲ್ಲಿ ಬಿಟ್ಟು ಪ್ಲಗ್ಗು ಹಾಕಿದರೆ ನೀರು ಕಾಯುತ್ತದೆ. ಹಾಸ್ಟೆಲುಗಳಲ್ಲಿ ಇಂಥವನ್ನು ಎಲ್ಲ ಕಡೆಯೂ ಮಾಡಿಕೊಳ್ಳುತ್ತಾರೆ. ಚಳಿ ಹಾಗಿದೆ. ತಣ್ಣೀರು ಮುಟ್ಟಿದರೆ ಎಲುಬಿನ ತನಕ ಹೋಗುತ್ತದೆ.

ನಾನು ಹಾಸ್ಟೆಲಿನ ಮೇಲ್ವಿಚಾರಕಿ. ವಿಜ್ಞಾನದ ಶಿಕ್ಷಕಿ ಬೇರೆ. ಎಲ್ಲರೂ ನನ್ನನ್ನೇ ಕೇಳುತ್ತಾರೆ. ಜನವರಿಯಲ್ಲಿ ನನ್ನ ನೌಕರಿ ಕಾಯಂ ಆಗಬೇಕಿದೆ. ಇದು ಈಗಲೇ ಆಗಬೇಕಿತ್ತೇ?

೧೨ ಡಿಸೆಂಬರ್, ಶುಕ್ರವಾರ

ಮುಖ್ಯೋಪಾಧ್ಯಾಯರು ಕಲ್ಯಾಣಪ್ಪನವರು ಆಡಳಿತ ಮಂಡಳಿಯ ಇಬ್ಬರನ್ನು ಕರೆದುಕೊಂಡು ಗುಲ್ಬರ್ಗಕ್ಕೆ ಹೋಗಿ ಬಂದರು. ಹುಡುಗಿಗೆ ಎಚ್ಚರವಿದೆ, ಮಾತಾಡುತ್ತಾಳೆ. ಹೀಟರು ಯಾರದು ಎಂದು ಕೇಳಿದ್ದಕ್ಕೆ, ನಂದೇ, ನಾನೇ ಮಾಡಿದ್ದು ಎಂದಳಂತೆ. ಅವಳು ಹಾಗೆ ಯಾಕೆ ಹೇಳಿದಳೋ ನನಗೆ ಗೊತ್ತಿಲ್ಲ.

ಕಲ್ಯಾಣಪ್ಪನವರು ನನಗೆ ಧೈರ್ಯ ಹೇಳಿದರು. ಮೇಲ್ವಿಚಾರಕಿ ಎಷ್ಟೆಂದು ನೋಡಿಕೊಂಡಾಳು, ಇದು ಹುಡುಗಿಯರ ಕಿತಾಪತಿ, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು. ಚಹಾ ತರಿಸಿದರು. ಕುಡಿದೆ.

೧೪ ಡಿಸೆಂಬರ್, ಭಾನುವಾರ

ಗುಲ್ಬರ್ಗಕ್ಕೆ ಹೋಗಿದ್ದೆ. ಹೋಗದಿದ್ದರೆ ಚೆನ್ನಾಗಿ ಕಾಣುತ್ತಿರಲಿಲ್ಲ. ಗುರಮ್ಮ ನಿದ್ದೆಯಲ್ಲಿದ್ದಳು. ಕೈಗೆ ಭುಜದವರೆಗೂ ಬಿಳಿ ಬಟ್ಟೆ. ಮಂಚದ ಕೆಳಗೆ ಅವಳ ತಂದೆ ಕಂಬಳಿ ಹಾಸಿ ಕೂತಿದ್ದರು. ಅಮೋಘಸಿದ್ದ ಎಂದು ಹೆಸರು. ನಾನು ಯಾರೆಂದು ನರ್ಸು ಹೇಳಿದ ಕೂಡಲೇ ಎದ್ದು ಬಂದು ನನ್ನ ಕಾಲು ಹಿಡಿದುಬಿಟ್ಟರು. ಹಿಂದೆ ಸರಿಯುವುದಕ್ಕೂ ಸಮಯ ಸಿಗಲಿಲ್ಲ.

"ಸಣ್ಣಾಕಿ ಅದಾಳ್ರಿ ಅಕ್ಕೋರ್ರಿ, ತಿಳೀಲಾರದ ಮಾಡ್ಯಾಳ. ನಿಮಗ ಕೆಟ್ಟ ಹೆಸರು ತಂದ್ಳು. ಹೊಟ್ಯಾಗ ಹಾಕ್ಕೋರಿ."

ಏಳಿ ಏಳಿ ಎಂದೆ. ಅವರ ವಯಸ್ಸು ನನ್ನ ಅಪ್ಪನಷ್ಟು. ಆಗ ಹೇಳಬಹುದಿತ್ತು. ಪಕ್ಕದ ಮಂಚಗಳವರೆಲ್ಲ ನೋಡುತ್ತಿದ್ದರು. ಬಸ್ಸಿನ ಹೊತ್ತಾಯಿತೆಂದು ಬಂದುಬಿಟ್ಟೆ.

೧೮ ಡಿಸೆಂಬರ್, ಗುರುವಾರ

ಮಂಡಳಿಯ ತೀರ್ಮಾನ ಬಂತು. ಗುರಮ್ಮನ ಹೆಸರನ್ನು ಹಾಸ್ಟೆಲಿನಿಂದಲೂ ಶಾಲೆಯಿಂದಲೂ ತೆಗೆದಿದ್ದಾರೆ. ಉಳಿದವರಿಗೆ ಹೆದರಿಕೆ ಇರಬೇಕಂತೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಇನ್ನು ಉಳಿದಿರುವುದೇ ಸ್ವಲ್ಪ ದಿನ. ಅವಳ ತಂದೆ ಅವಳನ್ನು ದವಾಖಾನೆಯಿಂದ ಸೀದಾ ಹಿರೋಳ್ಳಿಗೆ ಕರೆದುಕೊಂಡು ಹೋದರಂತೆ.

ಕಲ್ಯಾಣಪ್ಪನವರು ಇನ್ನೊಂದು ಮಾತು ಹೇಳಿದರು. ದ್ರವಗಳಲ್ಲಿ ವಿದ್ಯುತ್ತಿನ ಪಾಠ ಆಗಿದೆಯೇ ಎಂದು ಕೇಳಿದರು. ಆಗಿಲ್ಲ. ನವೆಂಬರಿನಲ್ಲಿ ಆಗಬೇಕಿತ್ತು. ಕಾಯಂ ಆಗುವ ಕಾಗದಗಳಿಗಾಗಿ ಗುಲ್ಬರ್ಗಕ್ಕೆ ಓಡಾಡಿದ ವಾರ ಅದನ್ನು ಬಿಟ್ಟು, ಆಮೇಲೆ ನೋಡೋಣವೆಂದು ಮುಂದಿನ ಪಾಠಕ್ಕೆ ಹೋಗಿದ್ದೆ. ಈಗ ಚೆನ್ನಾಗಿ ಪ್ರಯೋಗ ಮಾಡಿ ತೋರಿಸಿ, ಮತ್ತೆ ಯಾರೂ ಇಂಥ ಆಟ ಆಡಬಾರದು ಎಂದರು.

೨೦ ಡಿಸೆಂಬರ್, ಶನಿವಾರ

ಪಾಠ ಮಾಡಿದೆ. ಟಾರ್ಚಿನ ಶೆಲ್ಲುಗಳನ್ನು ಸಾಲಾಗಿ ಕಟ್ಟಿ, ಸಣ್ಣ ಬಲ್ಬು ಸೇರಿಸಿ, ಎರಡು ಮೊಳೆಗಳನ್ನು ಗಾಜಿನ ಲೋಟದಲ್ಲಿ ಇಳಿಬಿಟ್ಟೆ. ಮೊದಲು ಲೋಟದಲ್ಲಿ ಬ್ಯಾಟರಿ ಅಂಗಡಿಯಿಂದ ತಂದ ಭಟ್ಟಿ ಇಳಿಸಿದ ನೀರು. ಬಲ್ಬು ಹೊತ್ತಲಿಲ್ಲ. ಶುದ್ಧ ನೀರು ಕರೆಂಟನ್ನು ಹೆಚ್ಚು ಕಡಿಮೆ ಸಾಗಿಸುವುದೇ ಇಲ್ಲ ಎಂದೆ. ಆಮೇಲೆ ಉಪ್ಪು ಹಾಕಿ ಕಲಕಿದೆ. ಬಲ್ಬು ಕೆಂಪಗೆ ಕಣ್ಣು ಬಿಟ್ಟಿತು. ಒಂದು ಮೊಳೆಯ ಸುತ್ತ ಗುಳ್ಳೆಗಳು ಎದ್ದವು. ಉಪ್ಪು ನೀರಿನಲ್ಲಿ ಕರಗಿದಾಗ ವಿದ್ಯುತ್ತನ್ನು ಹೊತ್ತು ಓಡಾಡುವ ಕಣಗಳಾಗಿ ಬಿಡಿಬಿಡಿಯಾಗುತ್ತದೆ, ಅವಕ್ಕೆ ಅಯಾನು ಎನ್ನುತ್ತೇವೆ ಎಂದು ಹೇಳಿದೆ. ತಂತಿಯಲ್ಲಿ ಕರೆಂಟು ಹರಿದರೆ ತಂತಿ ತಂತಿಯಾಗಿಯೇ ಉಳಿಯುತ್ತದೆ. ದ್ರವದಲ್ಲಿ ಹರಿದರೆ ದ್ರವವೇ ಬದಲಾಗುತ್ತದೆ, ಅದಕ್ಕೇ ರಾಸಾಯನಿಕ ಪರಿಣಾಮ ಎಂಬ ಹೆಸರು ಎಂದೆ. ಇನ್ನೊಂದು ಲೋಟದಲ್ಲಿ ತಾಮ್ರದ ಲವಣವಾದ ಮೈಲುತುತ್ತದ ನೀರು ಮಾಡಿ, ಹಳೆಯ ಶೆಲ್ಲಿನ ಕರಿ ಕಡ್ಡಿಯ ಮೇಲೆ ತಾಮ್ರ ಕೂರುವುದನ್ನು ತೋರಿಸಿದೆ. ಹುಡುಗಿಯರು ಬೆಂಚು ಬಿಟ್ಟು ಮುಂದೆ ಬಂದು ನಿಂತು ನೋಡಿದರು. ಇಷ್ಟು ಚೆನ್ನಾಗಿ ನಾನು ಈ ವರ್ಷ ಯಾವ ಪಾಠವನ್ನೂ ಮಾಡಿರಲಿಲ್ಲ.

ಕೊನೆಯಲ್ಲಿ ಖುರ್ಷಿದ ಎದ್ದು ನಿಂತಳು. ಹಾಸ್ಟೆಲಿನಲ್ಲಿ ಗುರಮ್ಮನ ಪಕ್ಕದ ಟ್ರಂಕು ಅವಳದು. ಅಂದು ಗುರಮ್ಮ ಅಡುಗೆಮನೆಯಿಂದ ಉಪ್ಪು ಒಯ್ದಿದ್ದನ್ನು ನೋಡಿದೆ, ಅವಳಿಗೆ ಈ ಪಾಠ ಆಗಿರಲಿಲ್ಲ, ಮತ್ತೆ ಉಪ್ಪಿನ ವಿಷಯ ಯಾರು ಹೇಳಿದರು ಎಂದು ಕೇಳಿದಳು.

ಗಂಟೆ ಹೊಡೆಯಿತು. ಹೊಡೆಯದಿದ್ದರೆ ಏನು ಹೇಳುತ್ತಿದ್ದೆನೋ.

ಹೀಟರು ನನ್ನದು. ಬಿ.ಎಡ್. ಓದುವಾಗ ಹಾಸ್ಟೆಲಿನಲ್ಲಿ ಕಲಿತಿದ್ದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮಾತ್ರ ಇಡಬೇಕು, ಪ್ಲಗ್ಗು ತೆಗೆಯದೆ ನೀರು ಮುಟ್ಟಬಾರದು, ಎಲ್ಲ ನನಗೆ ಗೊತ್ತಿತ್ತು. ದಿನವೂ ನಾನೇ ಇಟ್ಟುಕೊಳ್ಳುತ್ತಿದ್ದೆ. ಅಂದು ಹೊದಿಕೆಯೊಳಗಿಂದ ಏಳಲು ಮನಸ್ಸಾಗದೆ, ಗುರಮ್ಮಾ, ನೀರಿಡು, ಒಂದು ಹಿಡಿ ಉಪ್ಪು ಹಾಕು, ಜಲ್ದಿ ಕಾಯುತ್ತದೆ ಎಂದು ಕೂಗಿದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಯಾರೋ ಬಟ್ಟೆ ನೆನೆಹಾಕಿದ್ದರು. ಅವಳು ತಗಡಿನದನ್ನು ತಂದಳು. ಉಪ್ಪು ಯಾಕೆಂದು ಅವಳು ಕೇಳಲಿಲ್ಲ. ನಾನು ಹೇಳಲಿಲ್ಲ.

೨೭ ಡಿಸೆಂಬರ್, ಶನಿವಾರ

ಅರ್ಧ ವರ್ಷದ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಿದೆ. ತಣ್ಣೀರಿನ ಸ್ನಾನ, ಶೀತ ಹಿಡಿದಿದೆ. ಖುರ್ಷಿದ ಮತ್ತೆ ಏನೂ ಕೇಳಿಲ್ಲ. ನನ್ನನ್ನು ಕಂಡರೆ ತಲೆ ತಗ್ಗಿಸಿಕೊಂಡು ಹೋಗುತ್ತಾಳೆ.

೪ ಜನವರಿ ೧೯೮೭, ಭಾನುವಾರ

ಹಿರೋಳ್ಳಿಗೆ ಹೋಗಿ ಬಂದೆ. ಅಕ್ಕಲಕೋಟದ ಬಸ್ಸು ಹಿಡಿದರೆ ಗಡಿಗಿಂತ ಮೊದಲು ಇಳಿಸುತ್ತದೆ. ಎಲ್ಲವನ್ನೂ ಹೇಳಿಬಿಡುವುದೆಂದು ಹೊರಟಿದ್ದೆ. ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡೂ ಇದ್ದೆ.

ಮನೆಯ ಮುಂದೆ ತೊಗರಿ ಬಡಿಯುತ್ತಿದ್ದರು. ನನ್ನನ್ನು ಕಂಡು ಅಮೋಘಸಿದ್ದ ಬಡಿಗೆ ಕೆಳಗಿಟ್ಟು ಕಂಬಳಿ ಝಾಡಿಸಿ ಹಾಸಿದರು. ಗುರಮ್ಮನ ತಾಯಿ ಸಕ್ಕುಬಾಯಿ ಕಾಲಿಗೆ ನೀರು ಕೊಟ್ಟು, ಒಲೆ ಹೊತ್ತಿಸಿ ಬಿಸಿ ರೊಟ್ಟಿ ತಟ್ಟಲು ಕೂತರು. ಬೇಡವೆಂದರೂ ಕೇಳಲಿಲ್ಲ. ಶಾಲೆಯಿಂದ ತೆಗೆದ ಹುಡುಗಿಯ ಮನೆಗೆ ಅಕ್ಕೋರು ಬಸ್ಸು ಹತ್ತಿ ಬಂದಿದ್ದಾರೆಂದು ಓಣಿಯವರೆಲ್ಲ ಬಂದು ನೋಡಿ ಹೋದರು. ಸಕ್ಕುಬಾಯಿ ಅವರಿಗೆಲ್ಲ ಹೆಮ್ಮೆಯಿಂದ ಅದನ್ನೇ ಹೇಳಿದರು. ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು. ನಾನು ಉಂಡೆ. ಹೇಳದೆ ಉಂಡೆ. ಉಂಡ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು.

ಗುರಮ್ಮ ಸೊರಗಿದ್ದಾಳೆ. ಗಾಯ ಮಾಯ್ದಿದೆ. ಆದರೆ ಉಂಗುರದ ಬೆರಳೂ ಕಿರುಬೆರಳೂ ಅಂಗೈ ಕಡೆ ಬಾಗಿ ನಿಂತಿವೆ, ನೆಟ್ಟಗಾಗುವುದಿಲ್ಲ. ಹೆಬ್ಬೆರಳಿಗೂ ಬಿಗಿ ಇಲ್ಲ, ಪೆನ್ನು ಜಾರುತ್ತದೆ. ತಮ್ಮನ ಪಾಟಿಯ ಮೇಲೆ ಎಡಗೈಯಲ್ಲಿ ಬರೆಯುವುದನ್ನು ಕಲಿಯುತ್ತಿದ್ದಾಳೆ. ತೋರಿಸಿದಳು. ಒಂದನೆಯ ತರಗತಿಯ ಮಗುವಿನ ಅಕ್ಷರದ ಹಾಗಿತ್ತು. ಈ ಹುಡುಗಿಯ ಅಕ್ಷರ ಚೆಂದವೆಂದು ನಾನೇ ಹಾಸ್ಟೆಲಿನ ನೋಟೀಸುಗಳನ್ನೆಲ್ಲ ಅವಳ ಕೈಯಿಂದ ಬರೆಸುತ್ತಿದ್ದೆ.

ಹೊರಡುವಾಗ ಬಸ್ಸಿನ ತನಕ ಅವಳೇ ಬಂದಳು. ಇಬ್ಬರೇ ಇದ್ದೆವು. ನಂದು ಎಂದು ಯಾಕೆ ಹೇಳಿದೆ ಎಂದು ಕೇಳಿದೆ. ಅವಳಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ನೀವಽ ಜೀಪಿನ್ಯಾಗ ಹೇಳಿದ್ರಲ್ರಿ, ಹೀಟರ್ ಯಾರದಂತ ಯಾರ ಮುಂದೂ ಹೇಳಬ್ಯಾಡ ಅಂತ. ನಾ ಸುಮ್ನಽ ಇದ್ನಿ. ಅವ್ರು ಬಿಡವಲ್ರು. ಹಾಸ್ಟೆಲಿನ ಎಲ್ಲಾ ಹುಡುಗ್ಯಾರನ್ನೂ ಕೇಳ್ತೀವಿ ಅಂದ್ರು. ಅದು ನಿಮ್ಮದಂತ ಖುರ್ಷಿದಾಗ ಗೊತ್ತಿತ್ರಿ. ಅದಕ್ಕ ನಂದಽ ಅಂದ್ನಿ."

ಹೌದು, ಹೇಳಿದ್ದೆ. ಜೀಪಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಹಣೆ ಸವರುತ್ತ ಕಿವಿಯಲ್ಲಿ ಹೇಳಿದ್ದೆ. ಹನ್ನೆರಡನೆಯ ತಾರೀಖಿನ ಪುಟದಲ್ಲಿ ನನಗೆ ಗೊತ್ತಿಲ್ಲ ಎಂದು ಬರೆದದ್ದು ಸುಳ್ಳು. ಯಾರೂ ಓದದ ಪುಟದಲ್ಲೂ ಸುಳ್ಳು ಬರೆದಿದ್ದೇನೆ.

ಬಸ್ಸು ಬಂತು. ಸಕ್ಕುಬಾಯಿ ಕೊಟ್ಟ ಶೇಂಗಾದ ಗಂಟನ್ನು ಗುರಮ್ಮ ಎಡಗೈಯಿಂದ ಕಿಟಕಿಯೊಳಗೆ ಕೊಟ್ಟಳು.

೫ ಜನವರಿ, ಸೋಮವಾರ

ಶೇಂಗಾವನ್ನು ಹುಡುಗಿಯರಿಗೆ ಹಂಚಿದೆ.

೮ ಜನವರಿ, ಗುರುವಾರ

ಗುರಮ್ಮನನ್ನು ಮತ್ತೆ ಸೇರಿಸಿಕೊಳ್ಳಬೇಕೆಂದು ಕಲ್ಯಾಣಪ್ಪನವರ ಹತ್ತಿರ ಹೋದೆ. ಇಷ್ಟು ಒತ್ತಾಯ ಮಾಡಿ ನಾನು ಯಾವತ್ತೂ ಮಾತಾಡಿದವಳಲ್ಲ, ಅವರಿಗೆ ಆಶ್ಚರ್ಯವಾಯಿತು. ಪ್ರತಿ ವರ್ಷ ತರಗತಿಗೆ ಮೊದಲು ಬಂದ ಹುಡುಗಿ, ಈ ಸಲ ಪರೀಕ್ಷೆ ತಪ್ಪಿದರೆ ಮತ್ತೆ ಮನೆಯವರು ಕಳಿಸುವುದಿಲ್ಲ ಎಂದೆ. ಅವರು ಒಂದು ದಾರಿ ಹೇಳಿದರು. ಹುಡುಗಿ ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರ ಮುಂದೆ ನಿಂತು ತಪ್ಪಾಯಿತು ಎಂದು ಹೇಳಿದರೆ ಸಾಕು, ಮಂಡಳಿಯವರನ್ನು ನಾನು ಒಪ್ಪಿಸುತ್ತೇನೆ ಎಂದರು.

ನನಗೆ ಖುಷಿಯಾಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಖುಷಿಯಾಯಿತು. ಅವಳು ಶಾಲೆಗೆ ಬರುತ್ತಾಳೆ. ನನ್ನದೂ ಉಳಿಯುತ್ತದೆ.

೧೮ ಜನವರಿ, ಭಾನುವಾರ

ಅಮೋಘಸಿದ್ದ ಮಗಳನ್ನು ಕರೆದುಕೊಂಡು ಬಂದರು. ನಾಳೆ ಏನು ಹೇಳಬೇಕೆಂದು ಗುರಮ್ಮ ನನ್ನನ್ನೇ ಕೇಳಿದಳು. ಹೇಳಿಕೊಟ್ಟೆ. ನಾಲ್ಕು ವಾಕ್ಯ. ಒಮ್ಮೆ ಕೇಳಿದ್ದೇ ಬಾಯಿಪಾಠ ಮಾಡಿಕೊಂಡಳು.

೧೯ ಜನವರಿ, ಸೋಮವಾರ

ಮುಗಿಯಿತು. ನಿಂತಳು. ಹೇಳಿದಳು. ಒಂದು ಅಕ್ಷರವೂ ತಪ್ಪಲಿಲ್ಲ. ಅವಳ ತಂದೆ ಗೇಟಿನ ಹತ್ತಿರ ರುಮಾಲು ಕೈಯಲ್ಲಿ ಹಿಡಿದು ನಿಂತಿದ್ದರು. ನಾನು ಶಿಕ್ಷಕರ ಸಾಲಿನಲ್ಲಿದ್ದೆ.

೨೧ ಜನವರಿ, ಬುಧವಾರ

ಇಂದು ಹತ್ತನೆಯ ತರಗತಿಗೆ ಹಿಂದಿನ ಪಾಠಗಳನ್ನು ಮತ್ತೊಮ್ಮೆ ಹೇಳಲು ಶುರು ಮಾಡಿದೆ. ಗುರಮ್ಮನಿಗೆ ತಪ್ಪಿಹೋದದ್ದು ಯಾವುದೆಂದು ಕೇಳಿದೆ. ಅವಳು ಎದ್ದು ನಿಂತು, ದ್ರವಗಳ ಪಾಠ ಎಂದಳು. ಆಮೇಲೆ ಕೂರಲಿಲ್ಲ.

"ಅಕ್ಕೋರ್ರಿ, ನೀರಿಗಿ ಉಪ್ಪು ಹಾಕಿದ್ರ ಏನಾಗ್ತದ್ರಿ?"

ಅವಳು ಚುಚ್ಚಲು ಕೇಳಿದ್ದಲ್ಲ. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಇಷ್ಟು ದಿನ ಹಿರೋಳ್ಳಿಯಲ್ಲಿ ಕೂತು ಅದನ್ನೇ ಯೋಚಿಸಿದ್ದಾಳೆ.

ಉತ್ತರ ಹೇಳತೊಡಗಿದೆ. ನಮ್ಮ ಬಾವಿ ನೀರಿನಲ್ಲಿ ಮೊದಲೇ ಲವಣಗಳಿರುತ್ತವೆ, ಹಾಗಾಗಿ ಅದರಲ್ಲಿ ಕರೆಂಟು ಹರಿದೇ ಹರಿಯುತ್ತದೆ. ಉಪ್ಪು ಹಾಕಿದರೆ ಅಯಾನುಗಳು ಹೆಚ್ಚಾಗುತ್ತವೆ, ಕರೆಂಟು ಇನ್ನೂ ಜೋರಾಗಿ ಹರಿಯುತ್ತದೆ, ಅದಕ್ಕೇ ನೀರು ಬೇಗ ಕಾಯುತ್ತದೆ ಎಂದೆ. ಬಕೆಟ್ಟು ತಗಡಿನದಾದರೆ ನೀರಿನಲ್ಲಿದ್ದ ಕರೆಂಟು ಬಕೆಟ್ಟಿಗೂ ಬರುತ್ತದೆ, ಮುಟ್ಟಿದವರ ಮೈಯಲ್ಲಿ ಹಾದು ನೆಲಕ್ಕೆ ಇಳಿಯುತ್ತದೆ ಎಂದೆ. ಅಲ್ಲಿಗೆ ಪಾಠ ಮುಗಿಯುತ್ತಿತ್ತು. ಆದರೆ ವಾಕ್ಯ ನಿಲ್ಲಲಿಲ್ಲ. ಇದೆಲ್ಲ ನನಗೆ ಗೊತ್ತಿತ್ತು, ಗುರಮ್ಮನಿಗೆ ಗೊತ್ತಿರಲಿಲ್ಲ, ಉಪ್ಪು ಹಾಕು ಎಂದವಳು ನಾನು, ಹೀಟರು ನನ್ನದು, ನೀರು ನನ್ನ ಸ್ನಾನಕ್ಕೆ ಎಂದೆ. ಜೀಪಿನ ಮಾತನ್ನೂ ಹೇಳಿದೆ. ಸೋಮವಾರ ಅವಳು ಹೇಳಿದ ನಾಲ್ಕು ವಾಕ್ಯಗಳೂ ನಾನು ಕಲಿಸಿದವು ಎಂದೆ.

ಖುರ್ಷಿದ ಅಳುತ್ತಿದ್ದಳು. ಗುರಮ್ಮ ಇನ್ನೂ ನಿಂತೇ ಇದ್ದಳು. ಮುಖ ಬಿಳಿಚಿಕೊಂಡಿತ್ತು.

ಅಲ್ಲಿಂದ ನೇರವಾಗಿ ಕಲ್ಯಾಣಪ್ಪನವರ ಕೋಣೆಗೆ ಹೋಗಿ ಅದನ್ನೇ ಮತ್ತೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ತರಗತಿಯಲ್ಲಿ ಯಾಕೆ ಹೇಳಿದಿರಿ, ಮೊದಲು ನನಗೆ ಹೇಳಬಾರದಿತ್ತೇ ಎಂದರು. ಪ್ರಶ್ನೆ ತರಗತಿಯಲ್ಲಿ ಬಂತು ಎಂದೆ.

೨೩ ಜನವರಿ, ಶುಕ್ರವಾರ

ತಿಂಗಳ ಕೊನೆಗೆ ನನ್ನ ಕೆಲಸ ಮುಗಿಯುತ್ತದೆ. ಹಾಸ್ಟೆಲಿನ ಕೋಣೆಯನ್ನು ಭಾನುವಾರದೊಳಗೆ ಬಿಡಬೇಕು. ಗುರಮ್ಮನ ಮೇಲಿನ ಆರೋಪ ತೆಗೆದುಹಾಕಿದ್ದಾರೆ.

೨೫ ಜನವರಿ, ಭಾನುವಾರ

ಬಸ್‌ಸ್ಟ್ಯಾಂಡಿನ ಹಿಂದೆ ಉಸ್ಮಾನಸಾಬರ ಮನೆಯ ಒಂದು ಕೋಣೆ ಹಿಡಿದಿದ್ದೇನೆ. ಸಾಮಾನು ಇಳಿಸುತ್ತಿದ್ದಾಗ ಅಮೋಘಸಿದ್ದ ಮಗಳೊಂದಿಗೆ ಬಂದರು. ಒಳಗೆ ಬನ್ನಿ ಎಂದೆ, ಬರಲಿಲ್ಲ. ಬೈಯುತ್ತಾರೆಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು. ನೆಲ ನೋಡುತ್ತ ಹೇಳಿದರು.

"ಆಕಿ ಕೈ ಹೋಗಿದ್ದು ಹೋಯ್ತ್ರಿ. ಅದು ಯಾರ ಕೈಯಾಗೂ ಇಲ್ರಿ. ಖರೆ ನಾ ನಿಮ್ಮ ಕಾಲು ಹಿಡದಾಗ ನೀವು ಸುಮ್ಮ ನಿಂತ್ರಿ. ನಮ್ಮ ಮನ್ಯಾಗ ಉಂಡ್ರಿ."

ಅಷ್ಟೇ. ರುಮಾಲು ಸುತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಗುರಮ್ಮ ಒಂದು ಕ್ಷಣ ಹಿಂದೆ ಉಳಿದಳು. ನಾನು ಅವಳಿಂದ ಏನು ನಿರೀಕ್ಷಿಸಿದ್ದೆ? ಅವಳಿಗೆ ಹಗುರಾಗಿರುತ್ತದೆ ಎಂದುಕೊಂಡಿದ್ದೆ. ಅವಳ ಕಣ್ಣುಗಳಲ್ಲಿ ಅಂಥ ಸಿಟ್ಟನ್ನು ನಾನು ನೋಡಿರಲಿಲ್ಲ.

"ಹೇಳೂದಿತ್ತಂದ್ರ, ನಾ ಅಲ್ಲಿ ನಿಲ್ಲೂಕಿಂತ ಮೊದ್ಲ ಹೇಳಬೇಕಿತ್ರಿ," ಎಂದಳು.

ಅವರು ಹೋದ ಮೇಲೆ ಬಾಗಿಲಲ್ಲಿ ಕೂತು ದಿನ ಎಣಿಸಿದೆ. ಎರಡು ದಿನ ತಡ. ಹೋದ ಭಾನುವಾರವೇ ಹೇಳಿದ್ದರೆ ಅವಳು ಎಲ್ಲರ ಮುಂದೆ ನಿಲ್ಲಬೇಕಾಗಿರಲಿಲ್ಲ. ಅವಳ ತಂದೆ ಗೇಟಿನ ಹತ್ತಿರ ನಿಂತು ಅದನ್ನು ಕೇಳಬೇಕಾಗಿರಲಿಲ್ಲ. ಕರೆಂಟು ಹೊಡೆದದ್ದನ್ನು ಅಪಘಾತ ಎನ್ನಬಹುದೇನೋ. ಇದನ್ನು ಹಾಗೆನ್ನಲು ಬರುವುದಿಲ್ಲ.

೯ ಫೆಬ್ರುವರಿ, ಸೋಮವಾರ

ಅಪ್ಪ ಜೇವರ್ಗಿಯಿಂದ ಹೇಳಿಕಳಿಸಿದ್ದಾರೆ, ಅಲ್ಲೇನು ಮಾಡುತ್ತಿ, ಬಾ ಎಂದು. ಶಾಲೆಗೆ ಇನ್ನೂ ವಿಜ್ಞಾನದವರು ಬಂದಿಲ್ಲವಂತೆ. ಹತ್ತನೆಯದಕ್ಕೆ ಎರಡು ಪಾಠ ಬಾಕಿ ಇವೆ. ಪರೀಕ್ಷೆ ಮುಗಿದ ಮೇಲೆ ಬರುತ್ತೇನೆ ಎಂದು ಹೇಳಿಕಳಿಸಿದೆ. ಸಂಜೆ ಖುರ್ಷಿದ ಮತ್ತು ಇನ್ನೂ ನಾಲ್ವರು ಹುಡುಗಿಯರು ಬಂದು ಕೂತು ಓದಿ ಹೋಗುತ್ತಾರೆ. ಮುಂದಿನ ಪಾಠಕ್ಕೆ ಎರಡು ಲೋಟ ಬೇಕು, ಉಸ್ಮಾನಸಾಬರ ಮನೆಯಲ್ಲಿ ಕೇಳಬೇಕು.

೨೨ ಫೆಬ್ರುವರಿ, ಭಾನುವಾರ

ಮಧ್ಯಾಹ್ನ ಊಟ ಮಾಡಿ ತಟ್ಟೆ ತೊಳೆಯುತ್ತಿದ್ದೆ. ಬಾಗಿಲಲ್ಲಿ ಗುರಮ್ಮ. ಒಬ್ಬಳೇ ಬಂದಿದ್ದಳು. ಅಪ್ಪನಿಗೆ ಹೇಳಿ ಬಂದೆಯಾ ಎಂದು ಕೇಳಿದೆ. ನಿನ್ನೆ ಹಾಸ್ಟೆಲಿನಿಂದ ಊರಿಗೆ ಹೋಗಿದ್ದಾಗ ಹೇಳಿ ಬಂದಿದ್ದಾಳೆ. ಅವರು ಹೋಗು ಎಂದೂ ಹೇಳಲಿಲ್ಲವಂತೆ, ಬೇಡ ಎಂದೂ ಹೇಳಲಿಲ್ಲವಂತೆ.

"ಸಾಯನ್ಸ್ ಹೇಳೋರು ಬ್ಯಾರೆ ಯಾರೂ ಇಲ್ರಿ. ಅದಕ್ಕ ಬಂದೀನಿ," ಎಂದಳು. ಬೇರೇನೂ ಅಂದುಕೊಳ್ಳಬೇಡಿ ಎನ್ನುವಂತಿತ್ತು ದನಿ.

ಚಹಾ ಕೊಟ್ಟೆ, ಮುಟ್ಟಲಿಲ್ಲ. ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಎಡಗೈಯಲ್ಲಿ ಪುಸ್ತಕ ತೆಗೆದಳು. ಅಕ್ಷರ ಈಗ ಸಾಕಷ್ಟು ನೆಟ್ಟಗಾಗಿದೆ, ಆದರೆ ನಿಧಾನ. ಕೈಯ ವಿಷಯ ಬರೆದು ಕೊಟ್ಟರೆ ಪರೀಕ್ಷೆಯಲ್ಲಿ ಬೇರೆಯವರಿಂದ ಬರೆಸಬಹುದು ಎಂದೆ. ತಾನೇ ಬರೆಯುತ್ತೇನೆ ಎಂದಳು.

ಯಾವ ಪಾಠ ಎಂದು ಕೇಳಿದೆ. ದ್ರವಗಳದ್ದೇ. ಬಾಯಲ್ಲಿ ಹೇಳಿದ್ದು ಸಾಕಾಗಿಲ್ಲ, ಪ್ರಯೋಗವನ್ನು ಕಣ್ಣಿಂದ ನೋಡಬೇಕು ಎಂದಳು. ಲೋಟ, ಮೊಳೆ, ಶೆಲ್ಲುಗಳನ್ನು ಜೋಡಿಸತೊಡಗಿದೆ. ಒಂದೊಂದಕ್ಕೂ ಪ್ರಶ್ನೆ. ಇಷ್ಟು ಶೆಲ್ಲು ಯಾಕೆ, ಮೊಳೆಗಳು ಒಂದಕ್ಕೊಂದು ತಾಗಬಾರದು ಯಾಕೆ, ಗುಳ್ಳೆಗಳಲ್ಲಿ ಏನಿದೆ. ಹಿಂದೆ ಅವಳು ಹೀಗೆ ಕೇಳುತ್ತಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಿದ್ದಳು, ಅದಕ್ಕೇ ನಾವೆಲ್ಲ ಅವಳನ್ನು ಒಳ್ಳೆಯ ಹುಡುಗಿ ಎನ್ನುತ್ತಿದ್ದೆವು. ಒಂದೊಂದಕ್ಕೂ ಉತ್ತರ ಹೇಳಿದೆ. ಒಂದಕ್ಕೆ ನನಗೆ ಸರಿಯಾಗಿ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದೆ.

ಉಪ್ಪಿನ ಡಬ್ಬಿಯನ್ನು ಅವಳ ಮುಂದೆ ಇಟ್ಟೆ. ಅವಳು ಲೋಟವನ್ನು ನೋಡಿದಳು, ಶೆಲ್ಲುಗಳನ್ನು ನೋಡಿದಳು. ಇಷ್ಟು ಕರೆಂಟಿಗೆ ಏನೂ ಆಗುವುದಿಲ್ಲ, ಬೇಕಿದ್ದರೆ ನಾನು ಮೊದಲು ಬೆರಳು ಅದ್ದಿ ತೋರಿಸುತ್ತೇನೆ ಎಂದೆ. ಅದ್ದಿ ತೋರಿಸಿದೆ. ಆಮೇಲೆ ಅವಳು ಉಪ್ಪು ಹಾಕಿದಳು. ಕಲಕಿದಳು.

"ಬಾಗಿಲು ಮುಂದಕ್ಕ ಮಾಡು," ಎಂದೆ.

ಅವಳು ಎದ್ದು ಬಾಗಿಲ ಹತ್ತಿರ ಹೋಗಿ, ಹಲಗೆಯ ಮೇಲೆ ಕೈಯಿಟ್ಟು ತಿರುಗಿ ನಿಂತಳು.

"ಯಾಕ್ರಿ?"

"ಬಲ್ಬು ಬಾಳ ಸಣ್ಣಗ ಹೊತ್ತತದ. ಹೊರಗಿನ ಬೆಳಕು ಬಿದ್ರ ಕಾಣೂದಿಲ್ಲ."

ಅವಳು ಅದನ್ನು ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಬಾಗಿಲು ಹಾಕಿದಳು.